ಆನೆಯ ಬೆನ್ನಿನ ಹೊಲಿಗೆ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಬಟ್ಟೆಯಲ್ಲಿ ದುಂಡಗಿನದು ಏನನ್ನೂ ಹೊಲಿಯಲು ನನಗೆ ಬರುತ್ತಿರಲಿಲ್ಲ. ರೊಟ್ಟಿ ಬಡಿದರೆ ದುಂಡಗೇ ಬರುತ್ತದೆ. ಇದು ನನ್ನ ಮಾತಲ್ಲ, ಯಾರನ್ನೂ ಹೊಗಳುವ ಅಭ್ಯಾಸವಿಲ್ಲದ ನಮ್ಮ ಅತ್ತೆಯ ಮಾತು. ಆದರೆ ಅದೇ ಕೈಗೆ ಸೂಜಿ ಕೊಟ್ಟರೆ, ದುಂಡಗೆ ಹೊರಟ ಹೊಲಿಗೆ ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ಮೂಲೆಗಳನ್ನು ಬೆಳೆಸಿಕೊಳ್ಳುತ್ತಿತ್ತು. ನಾನು ಹೊಲಿದ ಮೊದಲ ಆನೆಯನ್ನು ಕಟ್ಟೆಯ ಮೇಲೆ ಇಟ್ಟಾಗ ಪಕ್ಕದ ಮನೆಯ ಮುದುಕಿ ಕಣ್ಣು ಕಿರಿದು ಮಾಡಿ ನೋಡಿ, "ಬದನೀಕಾಯಿಗೆ ಕಾಲ ಯಾಕ ಇಟ್ಟೀಯವ್ವಾ?" ಎಂದು ಕೇಳಿದಳು. ಆಕೆಯ ಕಣ್ಣು ಮಂಜಾಗಿದೆ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಕಣ್ಣು ಚೆನ್ನಾಗಿರುವವರೂ ಅದನ್ನೇ ಕೇಳಿದರು.

ಅಂಗಡಿಯಲ್ಲಿ ಆನೆ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ. ಚಿಕ್ಕೋಡಿಯ ಬಜಾರಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಉಸಿರುಗಟ್ಟಿ ಕುಳಿತ ಗುಲಾಬಿ ಆನೆಗಳನ್ನು ನಾನೂ ನೋಡಿದ್ದೇನೆ. ಅವುಗಳ ಬೆನ್ನಿನ ಮೇಲೆ ಒಂದು ಸುಕ್ಕೂ ಇರುವುದಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಸುನಂದಾಳ ನೀಲಿ ಸೀರೆಯ ಆನೆ. ಅದನ್ನು ಯಾರೂ ಮಾರುವುದಿಲ್ಲ. ಅಂಥದ್ದನ್ನು ಮಾಡಬಾರದು ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಸುನಂದಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನೆಗೆಣ್ಣಿಯರು ಎಂದರೆ ಒಂದೇ ಒಲೆಯ ಎರಡು ಬದಿಗೆ ಕುಳಿತು ಒಬ್ಬರ ಪಾಲಿನ ಬೆಂಕಿಯನ್ನು ಇನ್ನೊಬ್ಬರು ಅಳೆಯುವವರು ಎಂದು ಜನ ತಿಳಿದಿದ್ದಾರೆ. ನಾವೂ ಮೊದಲ ಆರು ತಿಂಗಳು ಅಳೆದೆವು. ಆಕೆ ನಿಪ್ಪಾಣಿಯಿಂದ ಐನಾಪುರಕ್ಕೆ ಬಂದಾಗ ತವರಿನಿಂದ ಒಂದು ಹೊಲಿಗೆ ಮಷೀನನ್ನೂ ಬಾಯಿ ತುಂಬ ಮರಾಠಿಯನ್ನೂ ತಂದಿದ್ದಳು. ನಮ್ಮಲ್ಲಿ ಎರಡೂ ಭಾಷೆ ಎಲ್ಲರಿಗೂ ಬರುತ್ತವೆ, ಆದ್ದರಿಂದ ಮಾತಿಗೆ ತೊಂದರೆ ಇರಲಿಲ್ಲ. ತೊಂದರೆ ಮಷೀನಿನದಾಗಿತ್ತು. ಅದರ ಮುಂದೆ ಕುಳಿತರೆ ಆಕೆಗೆ ಹಾಲು ಉಕ್ಕುವುದು ಕಾಣುತ್ತಿರಲಿಲ್ಲ. ನಾನು ಓಡಿ ಬಂದು ಇಳಿಸುತ್ತಿದ್ದೆ. ಮರಾಠಿಯಲ್ಲಿ ನೆಗೆಣ್ಣಿಗೆ ಜಾವೂಬಾಯಿ ಎನ್ನುತ್ತಾರೆ. ಮೊದಲ ವರ್ಷ ನನ್ನನ್ನು ಹಿರಿಯಳೆಂದು "ಅಹೋ ಜಾವೂಬಾಯಿ" ಎಂದು ಬಹುವಚನದಲ್ಲಿ ಕರೆಯುತ್ತಿದ್ದಳು. ಎರಡನೇ ವರ್ಷ "ಅಗಂ ಜಾವೂಬಾಯಿ" ಎಂದು ಏಕವಚನಕ್ಕೆ ಇಳಿದಳು. ಅಂದು ನನಗೆ ನೌಕರಿಯಲ್ಲಿ ಬಡ್ತಿ ಸಿಕ್ಕಷ್ಟು ಸಂತೋಷವಾಯಿತು.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಹೊಲಿಯಲು ಕೂರುತ್ತಿದ್ದೆವು. ಆಕೆ ಓಣಿಯ ಹೆಂಗಸರ ಕುಬಸ, ಅಂದರೆ ರವಿಕೆ, ಹೊಲಿಯುತ್ತಿದ್ದಳು, ನಾನು ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಕಿ ಕೌದಿ ಹೊಲಿಯುತ್ತಿದ್ದೆ. ಕುಬಸ ಎಂದರೆ ಬರೀ ತಿರುವು: ಕೊರಳು ದುಂಡು, ಬಗಲು ದುಂಡು, ತೋಳಿನ ಬುಡ ದುಂಡು. ಕೌದಿ ಎಂದರೆ ನೆಟ್ಟಗೆ ಹೋಗುವುದು, ಅಂಚು ಬಂದಾಗ ತಿರುಗುವುದು, ಮತ್ತೆ ನೆಟ್ಟಗೆ ಬರುವುದು. ಎತ್ತು ಹೊಲ ಉಳುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಸುನಂದಾ ಮಷೀನಿನಿಂದ ಕತ್ತೆತ್ತಿ ನೋಡುತ್ತಿದ್ದಳು.

"ಅಗಂ ಜಾವೂಬಾಯಿ, ಎಷ್ಟ ನೆಟ್ಟಗ ಹೊಕ್ಕೀ? ಹಿಂಗ ಹೋದರ ಅಥಣಿ ಮುಟ್ಟತೀ ನೋಡ. ಜರಾ ಗೋಲ್ ಬಾ."

"ಗೋಲ್ ಬಂದ ಏನ ಮಾಡ್ಲಿ? ಕೌದಿಗೇನ ಕೊಳ್ಳ ಐತೇನ?"

"ಕೌದಿಗಿಲ್ಲ. ನಿನಗರ ಐತೆಲ್ಲ. ಒಂದರ ಕುಬಸ ನಿಂದ ನೀ ಹೊಲಕೋ."

ಒಮ್ಮೆ ಹೊಲಿದುಕೊಂಡೆ. ಕೊರಳಿನ ಸುತ್ತ ಸುಕ್ಕು ಎದ್ದು ನಿಂತಿತು. ಅದನ್ನು ತೊಟ್ಟು ಅತ್ತೆಯ ಮುಂದೆ ಬಂದಾಗ ಅವರು ನನ್ನ ಸೆರಗನ್ನು ಮುಂದೆ ಎಳೆದು ಅದನ್ನು ಮುಚ್ಚಿದರು. ಸುನಂದಾ ಮಾತ್ರ ನಕ್ಕಳು. ಆ ನಗೆಯನ್ನು ಹೇಗೆ ಬರೆಯಲಿ? ಮೊದಲು ಮೂಗಿನಲ್ಲಿ ಒಂದು ಸಣ್ಣ ಸದ್ದು, ನಂತರ ಕೈಯಿಂದ ಬಾಯಿ ಮುಚ್ಚಿಕೊಳ್ಳುವುದು, ನಂತರ ಆ ಕೈಯನ್ನೂ ಮೀರಿ ಉಕ್ಕುವುದು. ಹಾಲು ಉಕ್ಕುವುದು ಕಾಣದವಳಿಗೆ ನಗು ಉಕ್ಕುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ನನ್ನ ಪರವಾಗಿ ಒಂದೆರಡು ಮಾತು ಹೇಳಿಕೊಳ್ಳುತ್ತೇನೆ. ನಾನು ಹುಟ್ಟಿದ್ದು ಐಗಳಿಯಲ್ಲಿ. ನಮ್ಮವ್ವ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಅವಳ ಕೈಕೆಳಗೆ ಕಲಿತದ್ದು ಮೂರು ಸಂಗತಿ. ಬಟ್ಟೆಗೆ ಕತ್ತರಿ ಹಾಕಬಾರದು, ಎಳೆ ಹಿಡಿದು ಕೈಯಿಂದ ಹರಿಯಬೇಕು. ಹೆಚ್ಚಾದದ್ದನ್ನು ಕತ್ತರಿಸಿ ಒಗೆಯಬಾರದು, ಒಳಗೆ ಮಡಚಿ ಹಾಕಬೇಕು. ಹಳೆಯ ಸೀರೆಯ ಒಂದು ಬೆರಳು ಅಗಲದ ಚೂರೂ ಮನೆಯ ಯಾರದೋ ಮೈಮೇಲೆ ಇದ್ದದ್ದು. ಮೂರನೆಯದು, ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚಿಟಿಕೆ ಜೋಳ ಒಳಗೆ ಹಾಕಬೇಕು. ಬರಿಹೊಟ್ಟೆಯ ಕೌದಿಯನ್ನು ಯಾರಿಗೂ ಹೊದಿಸಬಾರದು ಎಂದು ನಮ್ಮವ್ವನ ಕಟ್ಟಳೆ. ಈ ಮೂರೂ ಕೌದಿಗೆ ಸರಿ. ಆನೆಗೆ ಮೂರೂ ತಪ್ಪು ಎಂಬುದು ಮುಂದೆ ಗೊತ್ತಾಯಿತು.

ಇನ್ನೊಂದು ಕಾರಣ ನಮ್ಮ ಸೀಮೆಯದೇ ಇರಬೇಕು. ಇಲ್ಲಿ ಕಣ್ಣಿಗೆ ಬೀಳುವುದೆಲ್ಲ ನೆಟ್ಟಗಿನದು. ಕಬ್ಬಿನ ಸಾಲು ನೆಟ್ಟಗೆ, ದ್ರಾಕ್ಷಿ ತೋಟದ ತಂತಿ ನೆಟ್ಟಗೆ, ಕಾಲುವೆ ನೆಟ್ಟಗೆ. ಹತ್ತನೆಯ ತರಗತಿಯಲ್ಲಿ ಗಣಿತದ ಮಾಸ್ತರರು ಕಂಪಾಸಿಲ್ಲದೆ, ತೋಳನ್ನು ಒಮ್ಮೆ ಬೀಸಿ ಹಲಗೆಯ ಮೇಲೆ ವರ್ತುಳ ಬರೆಯುತ್ತಿದ್ದರು. ಸುರುವಾದ ಜಾಗಕ್ಕೇ ಸೀಮೆಸುಣ್ಣ ಬಂದು ಕೂಡುತ್ತಿತ್ತು. ನಾನು ಲೆಕ್ಕ ಬಿಟ್ಟು ಅದನ್ನೇ ನೋಡುತ್ತಿದ್ದೆ, ಆದ್ದರಿಂದ ಗಣಿತದಲ್ಲಿ ಬಂದ ಅಂಕಗಳನ್ನು ಇಲ್ಲಿ ಹೇಳುವುದಿಲ್ಲ. ಆಮೇಲೆ ಅಂಥ ಗೆರೆ ಕಂಡದ್ದು ಸುನಂದಾಳ ಕೈಯಲ್ಲಿ. ಆಕೆಯ ಮಗಳು ಸಮೀಕ್ಷಾಗೆ, ನಮ್ಮೆಲ್ಲರ ಸಮೂಗೆ, ಆಗ ಐದು ತುಂಬುತ್ತಿತ್ತು. ಫೋನಿಗೆ ಇನ್ನೂ ಗುಂಡಿಗಳಿದ್ದ ಕಾಲ. ಹುಟ್ಟುಹಬ್ಬಕ್ಕೆ ಆನೆ ಬೇಕೆಂದು ಸಮೂ ಹಟ ಹಿಡಿದಿದ್ದಳು. ಸುನಂದಾ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಕಿ, ಸೊಂಡಿಲಿನಿಂದ ಸುರು ಮಾಡಿ ಪೆನ್ಸಿಲ್ ಎತ್ತದೆ ತಲೆ, ಕುತ್ತಿಗೆಯ ತಗ್ಗು, ಬೆನ್ನು, ಬಾಲ, ಕಾಲು ದಾಟಿ ಮತ್ತೆ ಸೊಂಡಿಲಿಗೆ ಬಂದು ಕೂಡಿಸಿದಳು. ಕತ್ತರಿಸಿ ನನ್ನ ಕೈಗೆ ಕೊಟ್ಟು, "ಹಿಡಿ, ಆನಿ ಆತ. ಬಟ್ಟಿ ಅಷ್ಟ ಬಾಕಿ" ಎಂದಳು.

ಬಟ್ಟೆ ಬಾಕಿಯೇ ಉಳಿಯಿತು. ಆಕೆಗೆ ಜ್ವರ ಬಂತು, ಮಿರಜಿನ ದವಾಖಾನೆಗೆ ಒಯ್ದರು, ಎಂಟನೆಯ ದಿನ ತಂದರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಬರೆಯಬೇಕೆಂದೂ ಇಲ್ಲ.

ಆಮೇಲಿನ ದಿನಗಳಲ್ಲಿ ಒಂದು ಸಂಗತಿ ಕಲಿತೆ. ಸತ್ತವರ ಮನೆಗೆ ಬರುವವರು ಯಾರನ್ನು ಎಷ್ಟು ಸಮಾಧಾನ ಮಾಡಬೇಕೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡು ಬಂದಿರುತ್ತಾರೆ. ತಾಯಿಗೆ ಇಷ್ಟು, ಗಂಡನಿಗೆ ಇಷ್ಟು, ಅತ್ತೆಗೆ ಇಷ್ಟು. ನೆಗೆಣ್ಣಿಗೆ ಏನೂ ಇರುವುದಿಲ್ಲ, ಆಕೆ ಬಂದವರಿಗೆ ಚಹಾ ಮಾಡಬೇಕು. ಮಾಡಿದೆ. ಚಹಾ ಕುಡಿದು ಕಪ್ಪು ಇಡುತ್ತ ಒಬ್ಬಾಕೆ ನನ್ನ ಕಿವಿಯಲ್ಲಿ, "ಇನ್ನ ಮನಿ ಪೂರಾ ನಿಂದ ಆತ ಬಿಡ" ಎಂದಳು. ಆಗ ನಾನು ಮಾತಾಡಲಿಲ್ಲ. ಮಾತಾಡುವ ರೂಢಿ ನನಗಿಲ್ಲ. ಈಗ ಬರೆದು ಹೇಳುತ್ತೇನೆ: ಇಲ್ಲವ್ವ, ಮನೆ ಅರ್ಧ ಆಯಿತು. ಹಾಲು ಉಕ್ಕಿಸಿ ನನ್ನಿಂದ ಬೈಸಿಕೊಳ್ಳುವವಳು ಇಲ್ಲದ ಮನೆ ಪೂರಾ ಹೇಗಾಗುತ್ತದೆ?

ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಗಂಟು ಕಟ್ಟಿ ಕೃಷ್ಣಾ ಹೊಳೆಗೆ ಬಿಡುತ್ತಾರೆ. ಅತ್ತೆ ಗಂಟು ಕಟ್ಟುತ್ತಿದ್ದಾಗ ಬಿಳಿ ಚುಕ್ಕಿಯ ನೀಲಿ ಸೀರೆ ಅವರ ಕೈಗೆ ಬಂತು. ಸುನಂದಾ ಮಷೀನಿನ ಮುಂದೆ ದಿನಾ ಉಡುತ್ತಿದ್ದ ಸೀರೆ ಅದು. ಸೆರಗಿನಲ್ಲಿ ಇಸ್ತ್ರಿ ತಾಗಿ ಸುಟ್ಟ ಒಂದು ಕಲೆ ಇತ್ತು.

"ಅದು ನಂದರಿ ಅತ್ತೀ" ಎಂದೆ.

ಹದಿನಾಲ್ಕು ವರ್ಷದಲ್ಲಿ ಅತ್ತೆಗೆ ಹೇಳಿದ ಮೊದಲ ಸುಳ್ಳು. ಅವರು ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು, ತೆಗೆದು ಪಕ್ಕಕ್ಕೆ ಒಗೆದರು. ನಂಬಿದರೋ, ನಂಬಿದಂತೆ ಮಾಡಿದರೋ ಆಗ ತಿಳಿಯಲಿಲ್ಲ.

ಕ್ಯಾಲೆಂಡರಿನ ಆನೆ ನನ್ನ ಟ್ರಂಕಿನಲ್ಲಿತ್ತು. ಮೊದಲು ಹಳೆಯ ಪರಕಾರದ, ಅಂದರೆ ಲಂಗದ, ಬಟ್ಟೆಯಲ್ಲಿ ಹೊಲಿದು ನೋಡಿದೆ. ಅದೇ ಬದನೆಕಾಯಿ. ಮನೆಯ ಮಷೀನಿನ ಮೇಲೆ ಅತ್ತೆ ಬಟ್ಟೆ ಹೊದಿಸಿ ಇಟ್ಟಿದ್ದರು, ಅದನ್ನು ಮುಟ್ಟುವ ಧೈರ್ಯ ನನಗೂ ಇರಲಿಲ್ಲ, ಕೈಹೊಲಿಗೆಯೇ ಗತಿ. ಯಾರನ್ನು ಕೇಳುವುದು? ಕಾಗವಾಡಕ್ಕೆ ಹೋದಾಗ ಅಲ್ಲಿಯ ವಯಸ್ಸಾದ ಟೇಲರ್ ಒಬ್ಬರ ಅಂಗಡಿಯ ಮೆಟ್ಟಿಲು ಹತ್ತಿ ಬದನೆಕಾಯಿಯನ್ನು ಅವರ ಮುಂದಿಟ್ಟೆ.

"ಏನ್ರಿ ಅಕ್ಕಾರ ಇದು?"

"ಆನಿರಿ."

ಅವರು ಕೊರಳಿನ ಟೇಪನ್ನು ತೆಗೆದು ಗಂಭೀರವಾಗಿ ಕೇಳಿದರು, "ಮಾಪ ತಂದೀರೇನ್ರಿ? ಆನೀನ ಹೊರಗ ನಿಲ್ಲಿಸಿ ಬಂದೀರೇನು?"

ನಾನು ಎದ್ದು ಹೊರಟೆ. ಅವರು ನಕ್ಕು, ಕೂರಿಸಿ, ಬದನೆಕಾಯಿಯ ಹೊಟ್ಟೆ ಬಿಚ್ಚಿ ಒಳಮಗ್ಗುಲು ತೋರಿಸಿದರು. ಆ ಹತ್ತು ನಿಮಿಷದಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಯಾವತ್ತಾದರೂ ಆನೆ ಹೊಲಿಯುವ ಪ್ರಸಂಗ ಬಂದೀತು. ನೆಟ್ಟಗಿನ ಹೊಲಿಗೆಯಲ್ಲಿ ಸೂಜಿ ಒಮ್ಮೆ ಚುಚ್ಚಿ ಎತ್ತುವ ಎಳೆ ಉದ್ದವಿದ್ದರೂ ನಡೆಯುತ್ತದೆ, ತಿರುವಿನಲ್ಲಿ ಎಳೆ ಜೋಳದ ಕಾಳಿಗಿಂತ ಸಣ್ಣದಿರಬೇಕು. ಬಟ್ಟೆಯನ್ನು ಎಳೆಯಬಾರದು, ಅದು ಬಂದಂತೆ ತಿರುಗಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಹೊಲಿದ ಮೇಲೆ ಹೊಲಿಗೆಯಾಚೆ ಉಳಿದ ಅಂಚನ್ನು ಕತ್ತರಿಯ ತುದಿಯಿಂದ ಅಲ್ಲಲ್ಲಿ ಕತ್ತರಿಸಬೇಕು. ಬೆನ್ನಿನಂಥ ಉಬ್ಬಿನಲ್ಲಿ ಆ ಅಂಚು ಒಳಗೆ ಹೋದಾಗ ಜಾಗ ಸಾಲದೆ ಒಂದರ ಮೇಲೊಂದು ಬೀಳುತ್ತದೆ, ಸಂತೆಯ ದಿನದ ಬಸ್ಸಿನಲ್ಲಿ ಜನ ಬಿದ್ದ ಹಾಗೆ. ಕುತ್ತಿಗೆಯಂಥ ತಗ್ಗಿನಲ್ಲಿ ಇದರ ಉಲ್ಟಾ, ಅಂಚು ಸಾಲದೆ ಹೊಲಿಗೆಯನ್ನೇ ಜಗ್ಗುತ್ತದೆ. ಉಬ್ಬಿನಲ್ಲಿ ಸಣ್ಣ ಸಣ್ಣ ಮೂರು ಮೂಲೆಯ ಚೂರು ತೆಗೆಯಬೇಕು, ತಗ್ಗಿನಲ್ಲಿ ಬರೀ ಸೀಳಬೇಕು.

"ಹೊಲಿಗೀಗೆ ಎಷ್ಟ ಹತ್ತರ ಹೋಗ್ಬೇಕ್ರಿ?" ಎಂದೆ.

"ಒಂದ ದಾರದಷ್ಟ ಬಿಡ್ರಿ. ಅಂಜಿ ದೂರ ನಿಂತ್ರ ಸುಕ್ಕ ಹೋಗೂದಿಲ್ಲ. ಸೊಕ್ಕಿಲೆ ಹತ್ತರ ಹೋದ್ರ ಹೊಲಿಗೀನ ಹೋತು."

ಮನೆಗೆ ಬಂದು ನೀಲಿ ಸೀರೆ ತೆಗೆದೆ. ಎಳೆ ಹಿಡಿದು ಹರಿದೆ, ಕ್ಯಾಲೆಂಡರಿನ ಆನೆ ಇಟ್ಟು ಗುರುತು ಮಾಡಿದೆ, ಕಣ್ಣು ಮುಚ್ಚಿ ಆಕಾರ ಕತ್ತರಿಸಿದೆ, ಹೊಲಿದೆ. ಇನ್ನು ಅಂಚಿಗೆ ಕತ್ತರಿ ಹಾಕಬೇಕು. ಆಗಲಿಲ್ಲ. ಒಬ್ಬ ಹೆಂಗಸು ಬಿಟ್ಟು ಹೋದದ್ದೇ ಅಷ್ಟು, ಅದರಲ್ಲಿ ಇನ್ನೂ ಚೂರು ಚೂರು ತೆಗೆದು ಕಸಬರಿಗೆಯಿಂದ ಗುಡಿಸಿ ಹೊರಗೆ ಹಾಕುವುದೇ? ನಮ್ಮವ್ವನ ಕಟ್ಟಳೆ ನೆನಪಾಯಿತು. ಹೆಚ್ಚಾದದ್ದನ್ನು ಒಳಗೆ ಮಡಚಿ ಹಾಕಿದೆ, ಕೌದಿಗೆ ಹಾಕಿದ ಹಾಗೆ. ತಿರುವಿನಲ್ಲಿ ಎಳೆಯೂ, ಕೈಯ ರೂಢಿಯಂತೆ, ಕೌದಿಯಷ್ಟೇ ಉದ್ದ ಬಿತ್ತು.

ಹಳೆಯ ಗಾದಿಯ ಹತ್ತಿ ತುಂಬುವಾಗ ಸಮೂ ಬಂದು ಎದುರು ಕುಳಿತಳು. ಚುಕ್ಕಿ ನೋಡಿದ ಕೂಡಲೇ ಗುರುತು ಹಿಡಿದಳು. ಅಳಲಿಲ್ಲ. ಆನೆಯ ಹೊಟ್ಟೆಗೆ ಮೂಗು ಹಚ್ಚಿದಳು.

"ದೊಡ್ಡವ್ವಾ, ಇದು ಆಯೀದು."

ತಾಯಿಯನ್ನು ಅವಳು ನಿಪ್ಪಾಣಿಯ ರೂಢಿಯಂತೆ ಆಯಿ ಎನ್ನುತ್ತಿದ್ದಳು. ಹೌದು ಎಂದೆ.

"ಆನಿ ಏನ ತಿಂತೈತಿ?"

ನಾನು ಡಬ್ಬಿಯಿಂದ ಜೋಳ ತಂದು ಅವಳ ಕೈಗೆ ಕೊಟ್ಟೆ. ಚಿಟಿಕೆ ಸಾಕು ಎಂದರೆ ಅವಳು ಮುಷ್ಟಿ ತುಂಬ ಹಾಕಿದಳು. ಹೊಟ್ಟೆ ಮುಚ್ಚಿ ಹೊಲಿದೆ. ಬೆನ್ನು ಕಲ್ಲುಮಣ್ಣಿನ ರಸ್ತೆಯಂತಿತ್ತು, ಕುತ್ತಿಗೆ ಯಾರೋ ಹಿಂದಿನಿಂದ ಜಗ್ಗಿದಂತಿತ್ತು. ಆದರೆ ಆನೆ ಎಂದು ಯಾರೂ ಹೇಳದೆ ತಿಳಿಯುತ್ತಿತ್ತು. ಅಂದಿನಿಂದ ಅದು ಸಮೂನ ಬಗಲಿನಿಂದ ಇಳಿಯಲಿಲ್ಲ.

ಮೂರನೆಯ ದಿನ ಅತ್ತೆ ಆನೆಯ ಕಾಲಿನ ಮೇಲೆ ಇಸ್ತ್ರಿಯ ಕಲೆ ಕಂಡರು.

"ಕಸ್ತೂರಿ, ಇದು ನಿನ್ನ ಸೀರಿ ಏನ?"

ನಾನು ಕಲೆಯ ಮೇಲೆ ಕೈ ಇಟ್ಟು ಮುಚ್ಚಿದೆ.

"ಸತ್ತಾಕಿ ಅರಬೀನ ಕೂಸಿನ ಬಗಲಾಗ ಇಡ್ತಾರೇನ ಬೇ? ಇದು ಮೈಲಿಗಿ ಆದದ್ದು. ಆಕಿ ಈ ಕೂಸಿನ ಮ್ಯಾಲ ಜೀವ ಇಟ್ಟ ಹೋಗ್ಯಾಳ. ನಾಳೆ ಇದನ್ನ ಹಿಡದ ಕೂಸನ್ನ ಕರದಳಂದ್ರ ಏನ ಮಾಡ್ತೀ?"

ಅವರ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಒಬ್ಬಳನ್ನು ಕಳೆದುಕೊಂಡ ಮುದುಕಿ ಇನ್ನೊಬ್ಬಳನ್ನು ಕಾಯುತ್ತಿದ್ದರು. ಅದು ನನಗೆ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಒಪ್ಪಬೇಕೆಂದಿಲ್ಲ.

"ಆಕಿ ವರ್ಷದ ಎಡಿ ಬರ್ತೈತಿ. ಅಂದ ಇದನ್ನ ಹೊಳಿಗೆ ಬಿಟ್ಟ ಬರೂದು" ಎಂದರು.

"ಆನಿ ಹೊಳಿಗೆ ಹೋಗೂದಿಲ್ರಿ ಅತ್ತೀ."

"ಏನಂದಿ?"

"ಹೋಗೂದಿಲ್ರಿ."

ಇಷ್ಟೇ. ಮನೆಯ ಗಂಡಸರು, ನನ್ನ ಗಂಡ ಮತ್ತು ಮೈದುನ, ಇಬ್ಬರೂ ಅಲ್ಲೇ ಇದ್ದರು. ಒಬ್ಬರು ಪೇಪರ್ ನೋಡಿದರು, ಒಬ್ಬರು ಮೇಲೆ ನೋಡಿದರು. ಅವರ ದುಃಖವೇನೂ ಕಡಿಮೆಯದಲ್ಲ. ಆದರೆ ಹೊಲಿಗೆಯ ವಿಷಯದಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅಂದಿನಿಂದ ಅತ್ತೆ ನನ್ನೊಡನೆ ಮಾತು ಬಿಟ್ಟರು. ಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು. "ಸಾರಿಗೆ ಉಪ್ಪ ಕಡಿಮಿ ಆಗೇತಿ ನೋಡಬೇ" ಎಂದು ಬೆಕ್ಕಿಗೆ ಹೇಳಿದಾಗ ನಾನು ಉಪ್ಪು ತಂದಿಡುತ್ತಿದ್ದೆ. ಹೀಗೆ ಐದು ತಿಂಗಳು ನಡೆಯಿತು. ಆ ಬೆಕ್ಕಿಗೆ ಅಡಿಗೆಯ ಬಗ್ಗೆ ನನಗಿಂತ ಹೆಚ್ಚು ತಿಳಿದಿರಬೇಕು.

ಸಮೂ ಮಾತ್ರ ಅಂದಿನ ಮಾತಿನಲ್ಲಿ ಒಂದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿದ್ದಳು: ಆನೆ ಮೈಲಿಗೆಯಾಗಿದೆ. ಮೈಲಿಗೆಯಾದರೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ಯಾವ ಮಗುವಿಗೂ ಗೊತ್ತು. ವರ್ಷದ ಎಡೆಗೆ ಹದಿನೈದು ದಿನ ಇರುವಾಗ ಆನೆಯನ್ನು ಬಚ್ಚಲಿಗೆ ಒಯ್ದು, ಬಕೆಟ್ಟಿನಲ್ಲಿ ಮುಳುಗಿಸಿ, ಮೈಸೋಪು ಹಚ್ಚಿ, ತಲೆಗೂ ನೀರು ಹಾಕಿ ಮಡಿ ಮಾಡಿದಳು. ನಾನು ಹಿಂಡಿ, ಬಿಸಿಲಿಗೆ ಇಟ್ಟೆ. ಮೇಲೆ ಒಣಗಿತು. ಹೊಟ್ಟೆಯೊಳಗಿನ ಹತ್ತಿ ಒಣಗಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ, ಜೋಳದ ನೆನಪಂತೂ ಇರಲೇ ಇಲ್ಲ.

ಆರನೆಯ ಬೆಳಿಗ್ಗೆ ಸಮೂ ಕಿರುಚಿದಳು. ಹೋಗಿ ನೋಡಿದರೆ ಆನೆಯ ಕುತ್ತಿಗೆಯ ತಗ್ಗಿನಲ್ಲಿ, ಹೊಲಿಗೆಯ ಸಂದಿಯಿಂದ, ಒಂದು ಬೆರಳುದ್ದದ ಹಸಿರು ಮೊಳಕೆ ಎದ್ದು ನಿಂತಿತ್ತು.

ಅರ್ಧ ತಾಸಿನಲ್ಲಿ ಓಣಿ ನಮ್ಮ ಪಡಸಾಲೆಯಲ್ಲಿತ್ತು. ಬದನೆಕಾಯಿ ಎಂದಿದ್ದ ಮುದುಕಿಯೇ ಮೊದಲು ಕೈಮುಗಿದಳು. "ಬಂದಾಳ. ಸುನಂದಾ ಬಂದಾಳ ನೋಡ್ರೀ" ಎಂದಳು. ಇನ್ನೊಬ್ಬಾಕೆಗೆ ಮೊಳಕೆಯಲ್ಲಿ ಸುನಂದಾಳ ಮೂಗು ಕಂಡಿತು. ಅತ್ತೆ ಕುಂಕುಮದ ಬಟ್ಟಲು ತಂದು ಆನೆಯ ಹಣೆಗೆ ಹಚ್ಚಿದರು. ಹೊಳೆಗೆ ಹೋಗಬೇಕಾಗಿದ್ದ ಆನೆ ಈಗ ದೇವರ ಜಗುಲಿ ಹತ್ತಬೇಕೆಂದಾಯಿತು. ಸಮೂ ಕೈಚಾಚಿದರೆ, "ಮುಟ್ಟಬ್ಯಾಡ ಬಾಳಾ, ಈಗ ಅದು ಆಟಿಕಿ ಅಲ್ಲ" ಎಂದರು.

ಸಮೂನ ಮುಖ ನೋಡಿದೆ. ಹೊಳೆಗೆ ಹೋದರೂ ಜಗುಲಿಗೆ ಹೋದರೂ ಅವಳ ಬಗಲು ಖಾಲಿಯೇ. ಈ ದೊಡ್ಡವರ ಲೆಕ್ಕದಲ್ಲಿ ಸತ್ತವರು ಒಂದೋ ಮೈಲಿಗೆ, ಇಲ್ಲವೋ ದೇವರು. ಕುಬಸ ಹೊಲಿಯುತ್ತ, ಹಾಲು ಉಕ್ಕಿಸುತ್ತ, ಮೂಗಿನಲ್ಲಿ ನಗುತ್ತ ಇದ್ದ ಒಬ್ಬ ಹೆಂಗಸಿಗೆ ಅಲ್ಲಿ ಜಾಗವೇ ಇಲ್ಲ.

ಆನೆಯನ್ನು ಎತ್ತಿಕೊಂಡೆ. ಮಷೀನಿನ ಹತ್ತಿರ ಹೋಗಿ, ಒಂದು ವರ್ಷದಿಂದ ಹೊದ್ದಿದ್ದ ಬಟ್ಟೆಯನ್ನು ತೆಗೆದು, ಆಕೆಯ ಕತ್ತರಿಯನ್ನು ಹೊರಗೆ ತೆಗೆದೆ.

"ಏನ ಮಾಡ್ತೀ ಬೇ?" ಅತ್ತೆ ಐದು ತಿಂಗಳ ಮೇಲೆ ನೇರವಾಗಿ ನನಗೆ ಹೇಳಿದ ಮೊದಲ ಮಾತು ಇದು. "ಆಕಿ ಬಂದಾಳ, ನೀ ಹೊಟ್ಟಿ ಸೀಳ್ತೀ?"

"ಆಕಿ ಬಂದಿಲ್ರಿ ಅತ್ತೀ. ತೊಯ್ದ ಹತ್ತ್ಯಾಗ ಜ್ವಾಳ ಮೊಳತಾವ. ಸಾಲಿ ಹುಡುಗೂರೂ ಮಾಡ್ತಾವ."

"ಹಂಗಾರ ಸರಿಯಾಗಿ ಕುತ್ತಿಗ್ಯಾಗ ಯಾಕ ಬಂತು?"

"ಅಲ್ಲಿ ನನ್ನ ಹೊಲಿಗಿ ಬಾಯಿ ಬಿಟ್ಟಿತ್ತರಿ, ಅದಕ್ಕ. ಆಕಿ ಬಂದಿದ್ರ ಮೊದಲ ಈ ಹೊಲಿಗಿ ನೋಡಿ ನಗ್ತಿದ್ಲ."

ಅತ್ತೆ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಕುಳಿತರು. ನನಗಲ್ಲ, ಬೆಕ್ಕಿಗೂ ಅಲ್ಲ, ತಮಗೇ ಎಂಬಂತೆ, "ನಗ್ತಿದ್ಲ ಖರೆ" ಎಂದರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಆ ವರ್ಷವಿಡೀ ಬಂದವರ ಮುಂದೆ ಅತ್ತದ್ದಕ್ಕಿಂತ ಈ ಅಳು ಬೇರೆಯಾಗಿತ್ತು. ಬಂದವರು ಒಬ್ಬೊಬ್ಬರೇ ಎದ್ದು ಹೋದರು.

ಆನೆಯ ಹೊಟ್ಟೆ ಬಿಚ್ಚಿ, ಹತ್ತಿ ತೆಗೆದು, ಮೊಳಕೆಯನ್ನು ಸಮೂನ ಕೈಗೆ ಕೊಟ್ಟೆ. ಅವಳು ಹಿತ್ತಿಲಿನಲ್ಲಿ ನೆಟ್ಟು ಬಂದಳು. ಮಧ್ಯಾಹ್ನ ಕೋಳಿ ತಿಂದಿತು, ಆದ್ದರಿಂದ ಆ ಕತೆ ಅಲ್ಲಿಗೇ ಮುಗಿಯಿತು. ಬಟ್ಟೆ ಒಗೆದು ಒಣಗಿಸಿ ಒಳಮಗ್ಗುಲು ಮಾಡಿದೆ. ಸುನಂದಾಳ ಮಷೀನಿನ ಮೇಲೆ ಕುಳಿತು, ತಿರುವಿನಲ್ಲಿ ಒಂದೊಂದೇ ಎಳೆ ಹಾಕಿ, ಸೂಜಿ ಕೆಳಗಿರುವಾಗಲೇ ನಿಲ್ಲಿಸಿ, ಬಟ್ಟೆಯನ್ನು ಒತ್ತಿ ಹಿಡಿಯುವ ಮಷೀನಿನ ಪಾದ ಎತ್ತಿ, ಬಟ್ಟೆ ತಿರುಗಿಸಿ, ಮತ್ತೆ ಪಾದ ಇಳಿಸಿ ಸುತ್ತು ಬಂದೆ. ಆಕೆ ಹಾಗೆ ಮಾಡುವುದನ್ನು ಆರು ವರ್ಷ ಪಕ್ಕದಲ್ಲಿ ಕುಳಿತು ನೋಡಿದ್ದೆ; ನೋಡಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಕತ್ತರಿ ಹಿಡಿದೆ. ಒಂದು ದಾರದಷ್ಟು ಬಿಟ್ಟು, ಕುತ್ತಿಗೆಯಲ್ಲಿ ಸೀಳಿದೆ, ಬೆನ್ನಿನಲ್ಲಿ ಚೂರು ತೆಗೆದೆ. ನೀಲಿ ಚೂರುಗಳು ಉಡಿಯಲ್ಲಿ ಬಿದ್ದವು. ಗುಡಿಸಿ ಹಾಕಲಿಲ್ಲ, ಹತ್ತಿಯೊಡನೆ ಆನೆಯ ಹೊಟ್ಟೆಗೇ ತುಂಬಿದೆ. ಟೇಲರ್ ಕೇಳಿದರೆ ನಕ್ಕಾರು. ನಮ್ಮವ್ವ ಕೇಳಿದರೆ ಒಪ್ಪಿಯಾಳು.

ಮಗುಚಿದಾಗ ಬೆನ್ನು ಹರಿವಾಣದ ಅಂಚಿನಂತೆ ನುಣ್ಣಗೆ ಬಂತು. ನನಗೇ ನಂಬಿಕೆಯಾಗಲಿಲ್ಲ, ಮೂರು ಸಲ ಬೆರಳು ಆಡಿಸಿದೆ.

ಹೊಟ್ಟೆ ಮುಚ್ಚುವ ಮೊದಲು ಅಡಿಗೆಮನೆಯಿಂದ ಹುರಿದ ವಾಸನೆ ಬಂತು. ಅತ್ತೆ ಒಂದು ಚಿಟಿಕೆ ಬಿಸಿ ಜೋಳವನ್ನು ವಾಟಿಯಲ್ಲಿ ತಂದು ನನ್ನ ಮುಂದೆ ಕುಕ್ಕಿದರು.

"ಹುರದೀನಿ. ಇನ್ನ ಮೊಳಿಯೂದಿಲ್ಲ. ಹಾಕ."

ಸಮೂ ಹಾಕಿದಳು. ವರ್ಷದ ಎಡೆಯ ದಿನ ಆನೆ ಹೊಳೆಗೂ ಹೋಗಲಿಲ್ಲ, ಜಗುಲಿಗೂ ಹೋಗಲಿಲ್ಲ. ಸಮೂನ ತೊಡೆಯ ಮೇಲೆ ಕುಳಿತು ಹೋಳಿಗೆ ತಿಂದಿತು, ಕಾಲಿನ ಮೇಲೆ ತುಪ್ಪದ ಕಲೆ ಮಾಡಿಕೊಂಡಿತು.

ಇದಾಗಿ ಹತ್ತು ವರ್ಷದ ಹತ್ತಿರ ಬಂತು. ಈಗ ಆ ಮಷೀನು ನನ್ನದೇ ಎಂಬಂತಾಗಿದೆ. ಊರಿನ ಮಕ್ಕಳಿಗೆ ಆನೆ, ಮೊಲ, ಬಾತುಕೋಳಿ ಹೊಲಿದಿದ್ದೇನೆ. ರಾಯಬಾಗದ ಒಂದು ಮನೆಗೆ, ಅಜ್ಜ ಹೋದ ಮೇಲೆ, ಅವರ ಧೋತರದ ಆಕಳು ಹೊಲಿದುಕೊಟ್ಟೆ. ಅಲ್ಲಿಯೂ ಯಾರೋ ಬೇಡ ಎಂದರಂತೆ. ಬೇಡ ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ, ನಮ್ಮ ಊರಿನಿಂದ ಕಳಿಸಬೇಕಾಗಿಲ್ಲ.

ನನ್ನ ಕತೆ ಕೇಳಿದ ಒಬ್ಬ ಓದಿದ ಹೆಣ್ಣುಮಗಳು, "ಒಳಗ ಕತ್ತರಿ ಬಿದ್ದ ಮ್ಯಾಲನ ಹೊರಗ ನುಣ್ಣಗ ಆಗೂದು ಅಲ್ಲೇನ್ರಿ? ಜೀವನಾನೂ ಹಂಗ" ಎಂದು ನನ್ನ ಕೈಹಿಡಿದಳು. ಒಳ್ಳೆಯ ಮನಸ್ಸಿನವಳು. ಆದರೆ ನಾನು ಒಪ್ಪುವುದಿಲ್ಲ. ಬಟ್ಟೆಗೆ ಕತ್ತರಿ ಬಿದ್ದರೆ ಆನೆಯಾಗುತ್ತದೆ. ಮನುಷ್ಯರಿಗೆ ಬಿದ್ದರೆ ಗಾಯವಾಗುತ್ತದೆ. ನಾನು ನುಣ್ಣಗಾಗಿಲ್ಲ, ಆಗುವ ಆಸೆಯೂ ಇಲ್ಲ. ಸುನಂದಾ ಸತ್ತದ್ದರಿಂದ ನಾನು ಹೊಲಿಗೆ ಕಲಿತೆ ಎಂದು ಯಾರಾದರೂ ಅಂದರೆ, ನನಗೆ ಹೊಲಿಗೆ ಬಾರದ ಆ ಮಧ್ಯಾಹ್ನಗಳನ್ನು ವಾಪಸು ಕೊಡಿ ಎನ್ನುತ್ತೇನೆ.

ಹೋದ ತಿಂಗಳು ಒಂದು ಮೊಲ ಹೊಲಿಯುತ್ತಿದ್ದೆ. ಕಣ್ಣು ಮೊದಲಿನಂತಿಲ್ಲ, ಕಿವಿಯ ತುದಿಯಲ್ಲಿ ಅಂಚು ಸೀಳುವುದನ್ನು ಮರೆತಿದ್ದೆ. ಈಗ ಒಂಬತ್ತನೆಯ ತರಗತಿ ಓದುವ ಸಮೂ ಶಾಲೆಯಿಂದ ಬಂದು, ಚೀಲ ಇಳಿಸಿ, ಮೊಲವನ್ನು ಎತ್ತಿ ನೋಡಿದಳು. ಮೂಗಿನಲ್ಲಿ ಒಂದು ಸಣ್ಣ ಸದ್ದು ಬಂತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೈಯನ್ನೂ ಮೀರಿ ಉಕ್ಕಿತು.

"ದೊಡ್ಡವ್ವಾ, ಇದೇನ ಮೊಲಾನೋ, ಮೂಲಂಗಿನೋ?"

ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ನಾನು ಏಳಲಿಲ್ಲ. "ಇನ್ನೊಮ್ಮಿ ಅನ್ನು" ಎಂದೆ.

ಅತ್ತೆಗೆ ಮಾತ್ರ ಇದನ್ನು ಹೇಳಲಿಲ್ಲ. ಹೇಳಿದ್ದರೆ ಕುಂಕುಮದ ಬಟ್ಟಲು ತಂದು ಹುಡುಗಿಯನ್ನು ಜಗುಲಿಯ ಮೇಲೆ ಕೂರಿಸಿಬಿಡುತ್ತಿದ್ದರು. ಅವಳಿಗೆ ಮರುದಿನ ಗಣಿತದ ಪರೀಕ್ಷೆ ಇತ್ತು.